ನಂಟಿಲ್ಲದವನ ಕೊಳಗ

"ಬುದ್ಧಿ, ಅಣ್ಣತಮ್ಮಂದಿರ ಜಗಳ ತೀರಿಸಲು ಹೊರಗಿನವನೊಬ್ಬನನ್ನು ಕರೆದರೆ ತಪ್ಪೇನು?"

ಮರುಳಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅಂಗಾಲಿನ ಮುಳ್ಳು ತೆಗೆಯುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ಯಾರ ಜಗಳ?"

"ನಂದು, ನಮ್ಮಣ್ಣಂದು. ಅಪ್ಪ ತೀರಿಕೊಂಡ ಮೇಲೆ ಬಾವಿ ನೀರಿನ ಸರದಿ ಬಗೆಹರಿದಿಲ್ಲ ಬುದ್ಧಿ. ನನ್ನ ದಿನ ಅವನು ನೀರು ತಿರುಗಿಸಿಕೊಳ್ತಾನೆ. ಅವನ ದಿನ ನಾನು ತಿರುಗಿಸಿಕೊಳ್ತೀನಿ ಅಂತ ಅವನು ಹೇಳ್ತಾನೆ. ಪಂಚಾಯಿತಿ ಸೇರಿಸೋಣ ಅಂದರೆ ಊರ ಹಿರಿಯರಲ್ಲಿ ಅರ್ಧ ಜನ ಅವನ ಹೆಂಡತಿ ಕಡೆಯವರು, ಅರ್ಧ ಜನ ನನ್ನ ಹೆಂಡತಿ ಕಡೆಯವರು. ಕೊನೆಗೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದೀವಿ. ಹೊಳೆ ದಂಡೆಯಲ್ಲಿ ಕಂಪನಿಯವರು ಸರಕು ತುಂಬೋ ಕೋಠಿ ಇದೆಯಲ್ಲ, ಅಲ್ಲಿಯ ದೊರೆ ಹೇಳಿದಂತೆ ಕೇಳೋದು. ನಾಳೆ ಹೊರಟಿದ್ದೀವಿ. ತಮ್ಮ ಆಶೀರ್ವಾದ ಬೇಕು."

"ಅವನೇ ಏಕೆ?"

"ಅವನಿಗೆ ಇಲ್ಲಿ ನಂಟರಿಲ್ಲ, ಇಷ್ಟರಿಲ್ಲ. ಯಾರ ಕಡೆ ವಾಲಬೇಕು ಅವನು?"

ಗುರುಗಳ ಕೈ ನಿಂತಿತು. ಮುಳ್ಳನ್ನು ಹಾಗೆಯೇ ಬಿಟ್ಟು ಕಾಲು ಕೆಳಗಿಟ್ಟರು.

"ಕೂತುಕೋ. ಆಶೀರ್ವಾದ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಒಂದು ಕತೆ ಕೇಳು. ಇದನ್ನು ನಾನು ಹೆಚ್ಚು ಸಲ ಹೇಳಿಲ್ಲ. ಹೇಳುವುದಕ್ಕೆ ನನಗೇ ಹೆದರಿಕೆ."

ಗುರುಗಳು ಹೇಳತೊಡಗಿದರು.

ಒಂದು ಊರು. ಅದಕ್ಕೆ ಎರಡು ಕೇರಿ. ಬೆಟ್ಟದ ಕೇರಿಯವರು ಮೆಣಸು ಬೆಳೆಯುತ್ತಿದ್ದರು. ದೋಣಿ ಕೇರಿಯವರು ಸಮುದ್ರದ ಕಡೆಯಿಂದ ಅಕ್ಕಿ, ಉಪ್ಪು ತರುತ್ತಿದ್ದರು. ನಡುವೆ ಹೊಳೆಯ ಕಟ್ಟೆ. ಅವರ ಮೆಣಸು ಇವರಿಗೆ, ಇವರ ಅಕ್ಕಿ ಉಪ್ಪು ಅವರಿಗೆ. ಎಲ್ಲವನ್ನೂ ಆ ಕಟ್ಟೆಯ ಮೇಲೆಯೇ ಅಳೆಯಬೇಕು. ಅಳೆಯುವುದಕ್ಕೆ ಹಲಸಿನ ಮರದಲ್ಲಿ ಕಡೆದ ಒಂದು ಕೊಳಗ. ಊರಿನಲ್ಲಿ ಎಷ್ಟು ಮನೆಗಳಿದ್ದರೂ ಕೊಳಗ ಮಾತ್ರ ಒಂದೇ.

ಆ ಕೊಳಗ ಹಿಡಿಯುವವನನ್ನು ಅಳತೆಯವನು ಎಂದು ಕರೆಯುತ್ತಿದ್ದರು. ಅವನ ವಿಷಯದಲ್ಲಿ ಊರಿಗೆ ಒಂದು ಕಟ್ಟಳೆ ಇತ್ತು. ಅವನ ಮನೆಗೂ ಊರಿನ ಯಾವ ಮನೆಗೂ ಹೆಣ್ಣು ಕೊಟ್ಟು ತರುವ ಸಂಬಂಧ ಇರಬಾರದು. ಅವನ ಮನೆಗೆ ಸೊಸೆ ಬಂದರೆ ನಾಲ್ಕು ದಿನದ ದಾರಿಯಾಚೆಯಿಂದ ಬರಬೇಕು. ಮಗಳು ಹೋದರೂ ಅಷ್ಟೇ ದೂರ ಹೋಗಬೇಕು. ಯಾರ ಮದುವೆಯ ಊಟಕ್ಕೂ ಅವನು ಎಲೆಯ ಮುಂದೆ ಕೂರುವಂತಿರಲಿಲ್ಲ. ಸತ್ತಾಗ ಮಾತ್ರ ಎರಡೂ ಕೇರಿಯಿಂದ ಇಬ್ಬಿಬ್ಬರು ಬಂದು ಹೆಗಲು ಕೊಡುತ್ತಿದ್ದರು. ನಂಟಿಲ್ಲದವನು ಅಳತೆ ತಪ್ಪುವುದಿಲ್ಲ ಎಂದು ಆ ಊರಿನವರ ನಂಬಿಕೆ. ದೇವರನ್ನಾದರೂ ಅವರು ಅಷ್ಟು ನಂಬಿದ್ದರೋ ಇಲ್ಲವೋ.

ಆಗಿನ ಅಳತೆಯವನಿಗೆ ವಯಸ್ಸಾಗಿತ್ತು. ಒಬ್ಬಳೇ ಮಗಳು. ಯಾವುದೋ ಇಬ್ಬರು ಅರಸರ ದಂಡು ದಾರಿ ಕಟ್ಟಿಕೊಂಡಿತ್ತು, ದೂರದ ಗಂಡು ಬರಲಿಲ್ಲ. ಎರಡು ವರ್ಷ ಕಾದ. ಆಮೇಲೆ ಹೆದರಿ ಹೆದರಿ ದೋಣಿ ಕೇರಿಯ ಒಂದು ಮನೆಗೆ ಮಗಳನ್ನು ಕೊಟ್ಟ. ಮದುವೆಯ ಮಾರನೆಯ ದಿನ ಕಟ್ಟೆಗೆ ಬಂದು ದೋಣಿಯ ಅಕ್ಕಿಯನ್ನು ಎಂದಿನಂತೆ ಅಳೆದ. ಮೊದಲನೆಯ ಕೊಳಗ ಸುರಿದು, ಒಂದು ಎನ್ನುವ ಬದಲು ವಾಡಿಕೆಯಂತೆ "ಲಾಭ" ಎಂದ. ಆಮೇಲೆ "ಎರಡು" ಎಂದ, "ಮೂರು" ಎಂದ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಆದರೆ ಬೆಟ್ಟದ ಕೇರಿಯವರು ಅಂದು ಕಾಳು ನೋಡಲಿಲ್ಲ. ಅವನ ಕೈ ನೋಡಿದರು.

"ಹೆಬ್ಬೆರಳು ಒಳಗಿಟ್ಟುಕೊಂಡು ಅಳೀತಾ ಇದಾನೆ, ನೋಡ್ರೋ!" ಎಂದು ಒಬ್ಬ ರೈತ ಕೂಗಿದ.

ಕೊಳಗವನ್ನು ಇನ್ನು ಹೇಗೆ ಹಿಡಿಯಬೇಕಿತ್ತು? ಅವನ ಅಪ್ಪನೂ ಹಾಗೆಯೇ ಹಿಡಿದಿದ್ದ, ಅಜ್ಜನೂ ಹಾಗೆಯೇ ಹಿಡಿದಿದ್ದ. ನಾಲ್ಕು ತಲೆಮಾರಿನ ಹೆಬ್ಬೆರಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಂದು ಬಿತ್ತು. ಮಾತಿಗೆ ಮಾತು ಬೆಳೆಯಿತು. ಯಾರೋ ಎಸೆದ ಕಲ್ಲು ಮುದುಕನ ಹಣೆಗೆ ತಾಗಿತು. ಅವನು ಕೊಳಗವನ್ನು ಕಟ್ಟೆಯ ಮೇಲೆ ಕವುಚಿ ಇಟ್ಟ. ಮಗಳಿಗೂ ಹೇಳದೆ ಊರು ಬಿಟ್ಟು ಹೋದ.

ಕೂಗಿದ ಆ ರೈತನಿದ್ದಾನಲ್ಲ, ಕತೆ ಇನ್ನು ಅವನದು. ಕೆಟ್ಟವನಲ್ಲ. ಮಕ್ಕಳೊಂದಿಗನು, ದುಡಿಯುವವನು. ಮೂಗಿನ ತುದಿಯಲ್ಲಿ ಕೋಪ, ಅಷ್ಟೆ.

ಮೂರು ಸಂತೆ ಕಳೆದವು. ಅಳೆಯುವವರಿಲ್ಲ. ಕಟ್ಟೆಯ ಈ ಕಡೆ ಮೆಣಸು, ಆ ಕಡೆ ದೋಣಿಯಲ್ಲಿ ಅಕ್ಕಿ. ಬೆಟ್ಟದ ಕೇರಿಯ ಮನೆಗಳಲ್ಲಿ ಅಕ್ಕಿ ಮುಗಿಯಿತು. ದೋಣಿಯ ಅಕ್ಕಿ ನೀರು ಕುಡಿದು ಮುಗ್ಗಲು ಹಿಡಿಯಿತು. ಕೊಳಗವನ್ನು ನಿನ್ನವನು ಹಿಡಿಯಬಾರದು ಎಂದು ಇವರು, ನಿನ್ನವನೂ ಹಿಡಿಯಬಾರದು ಎಂದು ಅವರು. ಎರಡೂ ಕೇರಿಯ ಗಂಡಸರು ಸೊಂಟದಲ್ಲಿ ಕತ್ತಿ ಇಟ್ಟುಕೊಂಡೇ ಓಡಾಡತೊಡಗಿದರು. ಮುಂದಿನ ಸಂತೆಗೆ ಹೆಣ ಬೀಳುವುದು ಖಂಡಿತ ಎಂದು ಹೆಂಗಸರು ಮಾತಾಡಿಕೊಂಡರು.

ಆಗ ಆ ರೈತನಿಗೆ ಒಂದು ಯೋಚನೆ ಹೊಳೆಯಿತು. "ನಂಟಿಲ್ಲದವನೇ ಬೇಕು ತಾನೇ? ಅಲ್ಲೊಬ್ಬ ಇದಾನಲ್ಲ ಮಾರಾಯ್ರೇ!"

ಕಟ್ಟೆಯ ಪಕ್ಕದಲ್ಲಿ ಒಂದು ಗರಿಯ ಚಪ್ಪರವಿತ್ತು. ಅದರಲ್ಲಿ ಒಬ್ಬ ವಿದೇಶಿ ವ್ಯಾಪಾರಿ ಎರಡು ವರ್ಷದಿಂದ ಇದ್ದ. ಬೆಳೆದವರಿಂದಲೂ ದೋಣಿಯವರಿಂದಲೂ ಮೆಣಸು ಕೊಂಡು ಹಡಗಿಗೆ ಕಳುಹಿಸುತ್ತಿದ್ದ. ಎದುರಿಗೆ ಸಿಕ್ಕವರಿಗೆ ಕೈ ಮುಗಿಯುತ್ತಿದ್ದ. ಯಾರ ಮನೆಯ ಹೊಸಿಲನ್ನೂ ತುಳಿದವನಲ್ಲ. ಯಾರಿಗಾಗಿ ಈ ವ್ಯಾಪಾರ ಎಂದು ಕೇಳಿದರೆ "ಕಂಪನಿಗಾಗಿ" ಎನ್ನುತ್ತಿದ್ದ. ಕಂಪನಿ ಎಂದರೆ ಅವನ ಅಪ್ಪನ ಹೆಸರಿರಬೇಕು ಎಂದು ಊರಿನವರು ತಿಳಿದಿದ್ದರು. ಅಪ್ಪನಿಗಾಗಿ ಇಷ್ಟು ದೂರ ಬಂದು ಬಿಸಿಲಲ್ಲಿ ಬೇಯುತ್ತಾನಲ್ಲ ಎಂದು ಮುದುಕಿಯರಿಗೆ ಅವನ ಮೇಲೆ ಕನಿಕರ.

ಹೋಗಿ ಕೇಳಿದರು. ಬೇಡ ಎಂದ.

"ನಾನು ವ್ಯಾಪಾರಕ್ಕೆ ಬಂದವನು. ನಿಮ್ಮ ಜಗಳ ನನಗೇಕೆ?"

ಇನ್ನೊಮ್ಮೆ ಕೇಳಿದರು. ಆಗಲೂ ಬೇಡ ಎಂದ. ಮೂರನೆಯ ಸಲ ಎರಡೂ ಕೇರಿಯ ಹಿರಿಯರು ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು, ಕೊಳಗವನ್ನು ಅವನ ಕಾಲ ಬಳಿ ಇಟ್ಟು ಬೇಡಿಕೊಂಡರು. ಆಗ ಒಪ್ಪಿದ. ಕೊಳಗ ಒದ್ದೆಯಾದರೆ ಅಳತೆ ಕೆಡುತ್ತದೆ, ಆದ್ದರಿಂದ ಅದು ನನ್ನ ಚಪ್ಪರದಲ್ಲಿರಲಿ ಎಂದ. ಆಗಲಿ ಎಂದರು. ಅಳೆಯುವಾಗ ಕಟ್ಟೆಯ ಮೇಲೆ ಕೈ ಮಾಡಿದವನು ಆ ಸಂತೆಯಿಂದ ಹೊರಗೆ ಹೋಗಬೇಕು ಎಂದ. ಅದೂ ಆಗಲಿ ಎಂದರು. ಅಂದು ಸಂಜೆಗೆ ಎರಡೂ ಕೇರಿಯಲ್ಲಿ ಒಲೆ ಹೊತ್ತಿತು.

ಗುರುಗಳು ನಿಲ್ಲಿಸಿ ಶಿಷ್ಯನ ಮುಖ ನೋಡಿದರು. "ಇಲ್ಲಿಯವರೆಗೆ ಯಾರದು ತಪ್ಪು, ಹೇಳು."

ಮರುಳಯ್ಯ ನಕ್ಕ. "ಗೊತ್ತಾಯಿತು ಬುದ್ಧಿ. ಇಬ್ಬರ ಜಗಳ, ಮೂರನೆಯವನಿಗೆ ಲಾಭ. ಅವನು ಅಳತೆಯಲ್ಲಿ ಮೋಸ ಮಾಡಿರಬೇಕು."

"ಆ ಗಾದೆ ಹಾಲು ಕುಡಿಯುವ ಮಗುವಿಗೂ ಗೊತ್ತು!" ಗುರುಗಳು ಸಿಡುಕಿದರು. "ಆ ಊರಿನವರಿಗೆ ಗೊತ್ತಿರಲಿಲ್ಲವೆಂದುಕೊಂಡೆಯಾ? ಗೊತ್ತಿದ್ದೇ ಹೋದರು. ಅವನ ಕೈಯನ್ನು ಒಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಅವನು ಒಂದು ಕಾಳೂ ಮೋಸ ಮಾಡಲಿಲ್ಲ. ಮೋಸ ಮಾಡಿದ್ದರೆ ಊರು ಉಳಿದುಕೊಳ್ಳುತ್ತಿತ್ತು. ನಡುವೆ ಬಾಯಿ ಹಾಕಬೇಡ."

ಮರುಳಯ್ಯನ ನಗು ಹೋಯಿತು. ಗುರುಗಳು ಮುಂದುವರಿಸಿದರು.

ಅವನ ನ್ಯಾಯ ಎಂದರೆ ನ್ಯಾಯ. ಕೊಳಗದ ಬಾಯಿಯನ್ನು ಕೋಲಿನಿಂದ ಸವರಿ, ಎರಡೂ ಕಡೆಯವರಿಗೆ ತೋರಿಸಿಯೇ ಸುರಿಯುತ್ತಿದ್ದ. ಒಂದು ಸಂತೆಯಲ್ಲಿ ತಾನು ಕೊಂಡ ಮೆಣಸಿನಲ್ಲಿ ಅರ್ಧ ಕೊಳಗ ಹೆಚ್ಚು ಬಂದಿದೆ ಎಂದು ಮನೆ ಹುಡುಕಿಕೊಂಡು ಹೋಗಿ ಹಿಂದಿರುಗಿಸಿದ. ಜನ ಮರುಳಾದರು. ಬೇಲಿಯ ಜಗಳ ಅವನ ಬಳಿಗೆ ಹೋಯಿತು. ದನ ಹೊಲ ಮೇಯ್ದ ಜಗಳ ಹೋಯಿತು. ಗಂಡ ಹೆಂಡಿರ ಜಗಳವೂ ಹೋಯಿತು. ದೇವಸ್ಥಾನದಲ್ಲಿ ಮೊದಲ ತೀರ್ಥ ಯಾವ ಕೇರಿಗೆ ಎಂಬ ಜಗಳವನ್ನೂ ಅವನೇ ತೀರಿಸಿದ. ಅವನು ದೇವಸ್ಥಾನದ ಒಳಗೆ ಕಾಲಿಟ್ಟವನೇ ಅಲ್ಲ. ಹೊರಗೆ ನಿಂತೇ ತೀರಿಸಿದ.

ಕೆಲಸ ಹೆಚ್ಚಿತು. ಕಟ್ಟೆ, ಕೇರಿ ಕಾಯಲು ಒಂದಷ್ಟು ಜನ ಬೇಕು ಎಂದ. ಊರಿನವರೇ ಮಕ್ಕಳನ್ನು ಕಳುಹಿಸಿದರು. ಅವನು ಅವರಿಗೆ ಒಂದೇ ಬಣ್ಣದ ಅಂಗಿ ಹೊಲಿಸಿದ, ಕೈಗೆ ಕೋವಿ ಕೊಟ್ಟ. ಈಗ ಕೇಳು. ಅವನು ಕೇಳದಿದ್ದರೂ ಊರಿನವರೇ ಒಂದು ಮಾತು ಸೇರಿಸಿದರು. "ನಂಟರನ್ನು ನಂಟರು ಕಾದರೆ ಕಣ್ಣು ಮುಚ್ಚಿಕೊಳ್ತಾರೆ ಸ್ವಾಮಿ. ಬೆಟ್ಟದ ಕೇರಿ ಹುಡುಗರನ್ನ ದೋಣಿ ಕೇರಿಗೆ ಹಾಕಿ. ದೋಣಿ ಕೇರಿಯವರನ್ನ ಬೆಟ್ಟದ ಕೇರಿಗೆ ಹಾಕಿ." ಇದನ್ನು ಹೇಳಿದವನು ಅದೇ ರೈತ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಅವನ ಹಿರಿಯ ಮಗ ಅಂದೇ ಅಂಗಿ ತೊಟ್ಟುಕೊಂಡು ದೋಣಿ ಕೇರಿಗೆ ಕಾವಲು ಹೋದ.

ವ್ಯಾಪಾರಿ ಸ್ವಲ್ಪ ಹೊತ್ತು ಯೋಚಿಸಿ, ಒಳ್ಳೆಯ ಮಾತು ಎಂದನಂತೆ.

ಐದನೆಯ ವರ್ಷ ವ್ಯಾಪಾರಿ ಜ್ವರ ಬಂದು ಸತ್ತ. ಊರು ನಿಜವಾಗಿಯೂ ಅತ್ತಿತು. ಅಳತೆಯವನಿಗೆ ಕೊಡುವಂತೆ ಎರಡೂ ಕೇರಿಯವರು ಹೆಗಲು ಕೊಟ್ಟರು. ಮುಂದೆ ನಿಂತು ಹೊತ್ತವನು ಆ ರೈತ. ಮೂರು ದಿನ ಬಿಟ್ಟು ಹಿರಿಯರು ಕೊಳಗ ತರಲು ಚಪ್ಪರಕ್ಕೆ ಹೋದರು. ಅಷ್ಟರಲ್ಲಿ ಚಪ್ಪರ ಹೋಗಿ ಕಲ್ಲಿನ ಕೋಠಿಯಾಗಿತ್ತು. ಬಾಗಿಲಲ್ಲಿ ಅವರ ಮಕ್ಕಳೇ ನಿಂತಿದ್ದರು. "ಹಡಗು ಬರೋವರೆಗೂ ಯಾರನ್ನೂ ಬಿಡಬಾರದು ಅಂತ ಅಪ್ಪಣೆ ಆಗಿದೆ," ಎಂದರು. ಸತ್ತವನ ಅಪ್ಪಣೆ ಇನ್ನೂ ನಡೆಯುತ್ತಿದೆಯಲ್ಲ ಎಂದು ಹಿರಿಯರು ಮುಖ ಮುಖ ನೋಡಿಕೊಂಡರು. ಬರಿಗೈಯಲ್ಲಿ ಹಿಂದಿರುಗಿದರು.

ಹಡಗು ಬಂತು. ಅದರಿಂದ ಇನ್ನೊಬ್ಬ ಇಳಿದ. ಸತ್ತವನು ತೊಡುತ್ತಿದ್ದ ಬಣ್ಣದ್ದೇ ನಿಲುವಂಗಿ. ಬಂದು ಅದೇ ಕುರ್ಚಿಯಲ್ಲಿ ಕುಳಿತ. ಹಿರಿಯರು ಕೈ ಮುಗಿದು ಹೇಳಿದರು, ನಾವು ಕೊಳಗ ಕೊಟ್ಟಿದ್ದು ಆ ಪುಣ್ಯಾತ್ಮನಿಗೆ, ಅವನು ಹೋದ, ಇನ್ನು ನಮ್ಮದು ನಮಗೆ ಬರಲಿ ಎಂದು.

"ಅವನಿಗೆ ಕೊಟ್ಟಿರಾ?" ಎಂದ ಬಂದವನು. "ಅವನು ಯಾರು? ನೀವು ಕೊಟ್ಟಿದ್ದು ಕಂಪನಿಗೆ. ಕಂಪನಿ ಸತ್ತಿಲ್ಲ."

ರೈತ ಮುಂದೆ ಬಂದು ಕೇಳಿದ: "ತಪ್ಪು ತಿಳೀಬೇಡಿ ಸ್ವಾಮಿ. ಹಾಗಾದರೆ ಈ ಕಂಪನಿ ಯಾವಾಗ ಸಾಯೋದು?"

ಹೊಸಬ ನಗಲಿಲ್ಲ. ಕೋಪಿಸಿಕೊಳ್ಳಲೂ ಇಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಹೇಳಬೇಕೆಂದು ಕೊಂಚ ಯೋಚಿಸಿದ. "ಅದು ಹಾಗೆ ಸಾಯುವಂಥದ್ದಲ್ಲ," ಎಂದ.

ಮರುಳಯ್ಯ, ನಾವು ಅರಸರನ್ನು ಕಂಡವರು. ಅರಸನಿಗೆ ಹೊಟ್ಟೆನೋವು ಬರುತ್ತದೆ, ಮಗ ತಿರುಗಿ ಬೀಳುತ್ತಾನೆ. ಎಂಥ ಕೆಟ್ಟ ಅರಸನಿಗೂ ಒಂದು ದಿನ ಮುಪ್ಪು ಬರುತ್ತದೆ ಎಂದು ನಂಬಿಕೊಂಡೇ ಬಡವರು ಬದುಕುತ್ತಾರೆ. ಹಲ್ಲು ಉದುರದ, ತಲೆ ನರೆಯದ, ಯಾರ ಹೊಟ್ಟೆಯಲ್ಲೂ ಹುಟ್ಟದಂಥದ್ದೊಂದು ಆಳುತ್ತದೆ ಎಂದರೆ ಅದಕ್ಕೆ ಏನು ಮಾಡುವುದು? ಯಾವ ದೇವರಿಗೆ ಹರಕೆ ಹೊರುವುದು? ಅಂದು ಮನೆಗೆ ಹೋದ ರೈತನಿಗೆ ಊಟ ಸೇರಲಿಲ್ಲ.

ಹೊಸಬನೂ ಅಳತೆ ತಪ್ಪಲಿಲ್ಲ. ಆದರೆ ಒಂದು ದಿನ ಎಲ್ಲರನ್ನೂ ಕರೆಸಿದ. "ನಿಮ್ಮ ಜಗಳಕ್ಕೆ ಮೂಲವೇ ಈ ಕೊಟ್ಟು ತೆಗೆದುಕೊಳ್ಳುವುದು. ಇನ್ನು ಮೇಲೆ ಮೆಣಸೆಲ್ಲ ಕಂಪನಿಗೆ ಕೊಡಿ. ಅಕ್ಕಿ, ಉಪ್ಪು ಎಲ್ಲ ಕಂಪನಿಗೆ ಕೊಡಿ. ಬೇಕಾದ್ದನ್ನು ಕಂಪನಿಯಿಂದ ಒಯ್ಯಿರಿ. ಒಬ್ಬರ ಕೈ ಒಬ್ಬರು ಮುಟ್ಟದಿದ್ದರೆ ಜಗಳವೆಲ್ಲಿ?" ಎಂದ. ಮಾತು ಸರಿಯಾಗಿಯೇ ಕಾಣಿಸಿತು. ಬೇರೆಯವರಿಗೆ ಮೆಣಸು ಕೊಟ್ಟವನ ಬಳ್ಳಿ ಕಡಿಯಲಾಗುವುದು, ಬೇರೆಯವರ ಸರಕು ಹೊತ್ತ ದೋಣಿ ಒಡೆಯಲಾಗುವುದು ಎಂದೂ ಸೇರಿಸಿದ. ಅದನ್ನು ಅವನು ಬಹಳ ಮೆಲ್ಲಗೆ ಹೇಳಿದ. ಹಿಂದೆ ನಿಂತವರಿಗೆ ಕೇಳಿಸಲೇ ಇಲ್ಲ.

ರೈತನ ಮಗಳು ಬಾಣಂತನಕ್ಕೆ ಬಂದಳು. ಕಂಪನಿ ಕೊಡುವ ಅಕ್ಕಿ ಹಳೆಯದು, ಬಾಣಂತಿಯ ಬಾಯಿಗೆ ಹಿಡಿಸಲಿಲ್ಲ. ಅವನು ಒಂದು ಬುಟ್ಟಿ ಮೆಣಸು ಹೊತ್ತುಕೊಂಡು ದೋಣಿ ಕೇರಿಯ ಹಳೆಯ ಪರಿಚಯದ ಒಬ್ಬ ದೋಣಿಯವನ ಮನೆಗೆ ಹೋದ. ಅವನು ಕರಾವಳಿಯಿಂದ ತಂದಿದ್ದ ಹೊಸ ಅಕ್ಕಿ ಕೊಟ್ಟ. ಕೊಳಗವಿರಲಿಲ್ಲ. ಬುಟ್ಟಿಯಿಂದ ಬುಟ್ಟಿಗೆ ಸುರಿದುಕೊಂಡರು. ಸಾಕೇ ಎಂದು ಇವನು ಕೇಳಿದ, ಸಾಕು ಎಂದು ಅವನು ಹೇಳಿದ. ಎಷ್ಟು ಸುಲಭ ಇದು ಎಂದು ಇಬ್ಬರಿಗೂ ಅನ್ನಿಸಿತು. ಆದರೆ ಅದನ್ನು ಬಾಯಿಬಿಟ್ಟು ಆಡುವುದಕ್ಕೆ ಇಬ್ಬರಿಗೂ ಹೆದರಿಕೆ.

ಆ ಸುದ್ದಿ ರಾತ್ರಿಯೇ ಕೋಠಿಗೆ ಮುಟ್ಟಿತು. ಮಾರನೆಯ ಬೆಳಗ್ಗೆ ರೈತನ ತೋಟಕ್ಕೆ ಕಾವಲಿನವರು ಬಂದರು. ಎಲ್ಲರೂ ದೋಣಿ ಕೇರಿಯ ಹುಡುಗರು. ಮರದಿಂದ ಮರಕ್ಕೆ ಹೋಗಿ ಬಳ್ಳಿಯನ್ನು ಬುಡಕ್ಕೆ ಕಡಿದರು. ಹನ್ನೆರಡು ವರ್ಷದ ಬಳ್ಳಿಗಳು.

"ನೀನು ಆ ದೋಣಿಯವನ ಅಣ್ಣನ ಮಗ ಅಲ್ಲವೇನೋ?" ಎಂದು ರೈತ ಒಬ್ಬನ ತೋಳು ಹಿಡಿದ. "ಚಿಕ್ಕವನಿದ್ದಾಗ ನಮ್ಮನೇಲಿ ಉಂಡಿದೀಯ. ನನ್ನ ಮುಖ ನೋಡಿ ಕಡಿ."

ಆ ಹುಡುಗ ಮುಖ ನೋಡಲಿಲ್ಲ. "ಬಿಡಿ ಮಾವ, ನಾನು ಕಡೀದಿದ್ರೆ ನನ್ನನ್ನ ಕಡೀತಾರೆ," ಎಂದ. ತೋಳು ಬಿಡಿಸಿಕೊಂಡ. ಕಡಿದ.

ಅದೇ ಹೊತ್ತಿಗೆ ಹೊಳೆಯ ದಂಡೆಯಲ್ಲಿ ದೋಣಿಯವನ ದೋಣಿ ಒಡೆಯುತ್ತಿದ್ದರು. ಒಡೆದವರೆಲ್ಲ ಬೆಟ್ಟದ ಕೇರಿಯವರು. ಮೊದಲ ಏಟು ಹಾಕಿದವನು ರೈತನ ಹಿರಿಯ ಮಗ.

ಸಂಜೆ ಬೆಟ್ಟದ ಕೇರಿಯಲ್ಲಿ ಒಂದೇ ಮಾತು, ದೋಣಿ ಕೇರಿಯವರು ಬಳ್ಳಿ ಕಡಿದರು. ದೋಣಿ ಕೇರಿಯಲ್ಲೂ ಒಂದೇ ಮಾತು, ಬೆಟ್ಟದ ಕೇರಿಯವರು ದೋಣಿ ಒಡೆದರು. ಕೋಠಿಯ ಹೆಸರು ಒಬ್ಬನ ಬಾಯಲ್ಲೂ ಬರಲಿಲ್ಲ. ಹೊಸಬ ತನ್ನ ಕೈಯಿಂದ ಒಂದು ಎಲೆಯನ್ನೂ ಕಿತ್ತಿರಲಿಲ್ಲವಲ್ಲ.

ಇಷ್ಟಾದರೂ ಆ ರೈತನಿಗೆ ಬುದ್ಧಿ ಇತ್ತು ಎನ್ನಬೇಕು. ನಾಲ್ಕು ದಿನ ಬಿಟ್ಟು ದೋಣಿಯವನ ಮನೆಗೆ ಹೋಗಿ ಅಂಗಳದಲ್ಲಿ ಕುಳಿತ.

"ನನ್ನ ದೋಣಿ ಒಡೆದವನು ನಿನ್ನ ಮಗ," ಎಂದ ದೋಣಿಯವನು.

"ನನ್ನ ಬಳ್ಳಿ ಕಡಿದವನು ನಿನ್ನ ಅಣ್ಣನ ಮಗ," ಎಂದ ರೈತ.

ಒಳಗಿನಿಂದ ದೋಣಿಯವನ ಹೆಂಡತಿ ನೀರು ತಂದಿಟ್ಟಳು. ರೈತ ಕುಡಿದ. ಆಮೇಲೆ ಹೇಳಿದ: "ಮಕ್ಕಳನ್ನ ಕೊಟ್ಟವರು ನಾವೇ. ಹೀಗೆ ಅದಲು ಬದಲು ನಿಲ್ಲಿಸಿ ಅಂತ ಬುದ್ಧಿ ಹೇಳಿಕೊಟ್ಟವನೂ ನಾನೇ. ಇನ್ನು ಸುಮ್ಮನಿದ್ದರೆ ನನ್ನ ಮಗ ನಿನ್ನನ್ನ ಕೋವೀಲಿ ಸುಡ್ತಾನೆ, ನಿಮ್ಮ ಹುಡುಗ ನನ್ನನ್ನ ಸುಡ್ತಾನೆ. ಎರಡೂ ಕೇರಿ ಸೇರಿ ಹೋಗೋಣ. ಕೊಳಗ ವಾಪಸು ಕೇಳೋಣ."

ಹೋದರು. ನಡು ಹಗಲು, ಎರಡೂ ಕೇರಿಯ ಗಂಡಸರು ಹೆಂಗಸರು, ಮುದುಕರು, ಬಾಣಂತಿಯರು ಬಿಟ್ಟರೆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಕಟ್ಟೆಯ ಮೇಲೆ ಕಾವಲಿನವರು ಕೋವಿ ಎತ್ತಿ ನಿಂತರು. ಅಪ್ಪಂದಿರ ಎದೆಗೆ ಮಕ್ಕಳ ಕೋವಿ. ಯಾರಿಗೂ ಮುಂದೆ ಹೆಜ್ಜೆ ಬರಲಿಲ್ಲ, ಹಿಂದಕ್ಕೂ ಬರಲಿಲ್ಲ.

ಕೋಠಿಯ ಬಾಗಿಲು ತೆರೆಯಿತು. ಹೊಸಬ ಹೊರಗೆ ಬಂದ. ಏನು ಬೇಕು ಎಂದು ಕೇಳಿದ. ಹೇಳಿದರು. ಅವನು ಕೋಪಿಸಿಕೊಳ್ಳಲಿಲ್ಲ. ಕೋವಿ ಇಳಿಸಿ ಎಂದು ಕಾವಲಿನವರಿಗೆ ಹೇಳಿದ. ಒಳಗೆ ಹೋಗಿ ಕೊಳಗವನ್ನು ತಾನೇ ಎತ್ತಿಕೊಂಡು ಬಂದ. ಕಟ್ಟೆಯ ನಟ್ಟನಡುವೆ ಇಟ್ಟ. ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ.

"ನಿಮ್ಮದೇ," ಎಂದ. "ಇನ್ನು ಮುಂದೆ ಹಿಡಿಯುವವನು ಯಾರೋ, ಅವನು ಬಂದು ಎತ್ತಿಕೊಳ್ಳಲಿ."

ಅಷ್ಟೇ ಅವನು ಹೇಳಿದ್ದು.

ರೈತ ಮುಂದೆ ಬಂದ. ಬಗ್ಗಿದ. ಕೈ ಚಾಚಿದ. ಆಗ ಅವನ ಬೆನ್ನ ಹಿಂದೆ ದೋಣಿ ಕೇರಿಯವರೆಲ್ಲ ಒಟ್ಟಿಗೆ ಮಿಸುಕಿದ ಸದ್ದು ಕೇಳಿಸಿತು. ತಿರುಗಿ ನೋಡಿದ. ಮೊನ್ನೆ ತಾನೇ ಅಂಗಳದಲ್ಲಿ ನೀರು ಕೊಡಿಸಿದ ದೋಣಿಯವನು ಅವನ ಕೈಯನ್ನೇ ನೋಡುತ್ತಿದ್ದ. ಆ ನೋಟ ರೈತನಿಗೆ ಗೊತ್ತಿತ್ತು. ತಾನು ಮುದುಕ ಅಳತೆಯವನನ್ನು ನೋಡಿದ್ದು ಅದೇ ಕಣ್ಣಿನಿಂದ. ಇದನ್ನು ಎತ್ತಿಕೊಂಡರೆ ಬೆಳಗಾಗುವುದರೊಳಗೆ ನನ್ನ ಮನೆಗೆ ಬೆಂಕಿ ಬೀಳುತ್ತದೆ, ಬಾಣಂತಿ ಒಳಗಿದ್ದಾಳೆ ಎಂದುಕೊಂಡ. ಕೈ ಹಿಂದಕ್ಕೆ ಬಂತು.

ದೋಣಿಯವನು ಒಂದು ಹೆಜ್ಜೆ ಮುಂದಿಟ್ಟ. ಬೆಟ್ಟದ ಕೇರಿಯವರ ಗಂಟಲಿನಿಂದ ಒಂದು ಗುರುಗುರು ಹೊರಟಿತು. ಅವನೂ ನಿಂತ.

ಆ ಗುಂಪಿನಲ್ಲಿ ಮುದುಕ ಅಳತೆಯವನ ಮಗಳಿದ್ದಳು. "ಯಾರಾದರೂ ಎತ್ಕೊಳ್ರೋ!" ಎಂದು ಅವಳು ಕಿರುಚಿದಳು. "ಕಳ್ಳನಾದರೂ ಎತ್ಕೊಳ್ಳಲಿ, ನಿಮ್ಮ ಕಾಲಿಗೆ ಬೀಳ್ತೀನಿ, ಎತ್ಕೊಳ್ರೋ!" ಅವಳ ಗಂಡ ಅವಳ ಬಾಯಿ ಮುಚ್ಚಿದ. ನೆರಳು ಕಾಲ ಬುಡದಿಂದ ಹೊರಟು ಉದ್ದವಾಯಿತು. ಒಬ್ಬರೂ ಎತ್ತಲಿಲ್ಲ. ಒಬ್ಬರೂ ಮನೆಗೆ ಹೋಗಲೂ ಇಲ್ಲ, ತಾನು ಹೋದ ಮೇಲೆ ಇನ್ನೊಬ್ಬ ಎತ್ತಿಕೊಂಡುಬಿಟ್ಟರೆ ಎಂದು.

ಕೊನೆಗೆ ಹೊಸಬ ಬಂದ. ಬಗ್ಗಿ ಕೊಳಗ ಎತ್ತಿಕೊಂಡು ಒಳಗೆ ಹೋದ. ಬಾಗಿಲು ಹಾಕಿಕೊಂಡಿತು. ಆ ಊರಿನವರಿಗೆ ಆಗ ಏನನ್ನಿಸಿತು ಗೊತ್ತೇ? ಸಮಾಧಾನ. ನನ್ನ ಹೆದರಿಕೆ ಇದಕ್ಕೇ. ಪಕ್ಕದವನು ಎತ್ತಿಕೊಳ್ಳಲಿಲ್ಲವಲ್ಲ ಎಂದು ಅವರೆಲ್ಲ ಉಸಿರು ಬಿಟ್ಟರು.

ಅಂದಿನಿಂದ ಕಂಪನಿ ಆ ಊರಿನಲ್ಲಿ ಯಾರನ್ನೂ ಏನನ್ನೂ ಕೇಳಲಿಲ್ಲ. ಹೇಳುತ್ತಿತ್ತು. ಕೊಳಗ ಹೋಗಿ ಇನ್ನೊಂದು ಬಂತು, ಮೊದಲಿನದಕ್ಕಿಂತ ದೊಡ್ಡದು. ಏಕೆ ದೊಡ್ಡದು ಎಂದು ಕೇಳುವ ಬಾಯಿ ಉಳಿದಿರಲಿಲ್ಲ. ನೆಲಕ್ಕೆ ಕಂದಾಯ ಹಾಕಿದರು, ಹೊಳೆ ದಾಟುವುದಕ್ಕೆ ಸುಂಕ ಹಾಕಿದರು. ಕಟ್ಟೆಯ ಮೇಲೆ ಮೂವರನ್ನು ನೇಣು ಹಾಕಿದರು. ಹಗ್ಗ ಎಳೆದವರು ಊರಿನವರೇ. ಬೆಟ್ಟದ ಕೇರಿಯವನ ಹಗ್ಗವನ್ನು ದೋಣಿ ಕೇರಿಯವನು ಎಳೆದ, ದೋಣಿ ಕೇರಿಯವನದನ್ನು ಬೆಟ್ಟದ ಕೇರಿಯವನು ಎಳೆದ. ಅದಲು ಬದಲಿನ ಆ ಕಟ್ಟಳೆಯೊಂದನ್ನು ಮಾತ್ರ ಕಂಪನಿ ಕೊನೆಯವರೆಗೂ ಮುರಿಯಲಿಲ್ಲ.

ಮುಂದಿನ ವರ್ಷ ಆ ಊರಿನ ಹುಡುಗರನ್ನೆಲ್ಲ ದೋಣಿಗೆ ಹತ್ತಿಸಿ ಹೊಳೆಯ ಕೆಳಗಿನ ಊರಿಗೆ ಕಾವಲಿಗೆ ಕಳುಹಿಸಿದರು. ರೈತನ ಹಿರಿಯ ಮಗನೂ ಹೋದ. ರೈತ ದಂಡೆಯ ಮೇಲೆ ನಿಂತು ಮಗನ ಹೆಸರು ಹಿಡಿದು ಕೂಗಿದ. ಒಂದೇ ಬಣ್ಣದ ಅಂಗಿಯಲ್ಲಿ ಮಗ ಯಾವನು ಎಂದು ಅವನಿಗೆ ಗೊತ್ತಾಗಲಿಲ್ಲ. ದೋಣಿ ಹೋಯಿತು. ಅವನು ಮತ್ತೆ ಮಗನ ಮುಖ ನೋಡಲಿಲ್ಲ.

ಕೆಳಗಿನ ಊರಿನಲ್ಲೂ ಎರಡು ಕೇರಿ ಇತ್ತು.

ಗುರುಗಳು ನಿಲ್ಲಿಸಿದರು. ಮರುಳಯ್ಯ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದ. ಬಿಸಿಲು ಇನ್ನೂ ಇತ್ತು, ಆದರೂ ಅವನಿಗೆ ಚಳಿಯಾದಂತಿತ್ತು.

"ಅದರ ಕೆಳಗಿನ ಊರಿನಲ್ಲಿ?" ಎಂದು ಕೇಳಿದ.

"ನಿನ್ನ ಮನೆಯಲ್ಲಿ ಎಷ್ಟು ಕೇರಿ?"

ಮರುಳಯ್ಯ ಥಟ್ಟನೆ ಎದ್ದು ನಿಂತ. ಹೆದರಿದವನಿಗೆ ಕೋಪ ಬರುವಂತೆ ಅವನಿಗೂ ಕೋಪ ಬಂದಿತ್ತು. "ಎಂಥ ಜನ ಬುದ್ಧಿ ಅವರು! ಎದುರಿಗೇ ಇಟ್ಟಿದ್ದಾನೆ. ಕೋವಿಯೂ ಇಳಿಸಿದ್ದಾನೆ. ಅಷ್ಟು ಜನರಲ್ಲಿ ಯಾವನೋ ಒಬ್ಬ ಎತ್ತಿಕೊಂಡಿದ್ದರೆ ಆಗಿತ್ತು. ಅಳತೆ ಒಂದು ಹಿಡಿ ಆಚೀಚೆ ಆಗುತ್ತಿತ್ತು, ಅಷ್ಟೇ ತಾನೇ? ಉಳಿದವರು ಬಿಟ್ಟುಕೊಡಬಾರದಿತ್ತೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಎತ್ತಿಕೊಂಡವನು ನಿನ್ನ ಅಣ್ಣನಾಗಿದ್ದರೆ ನೀನು ಬಿಟ್ಟುಕೊಡುತ್ತಿದ್ದೆಯೇನಪ್ಪಾ?"

ಮರುಳಯ್ಯ ಮತ್ತೆ ಕೂತುಕೊಂಡ.